ಸರತಿಯ ಸಾಲು: ಕಟ್ಟಳೆಯನ್ನು ಅಳೆಯುವ ಬಗೆ

ನಾಸಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ (2023ರವರೆಗೆ ಔರಂಗಾಬಾದೆಂಬ ಹೆಸರಿದ್ದ ನಗರ) ಹೊಟ್ಟೆಪಾಡಿಗಾಗಿ ನೆಲೆಸಿರುವ ನಮ್ಮವರು ದಿನದ ಹೆಚ್ಚಿನ ಹೊತ್ತನ್ನು ಯಾವುದಾದರೊಂದು ಸಾಲಿನ ಇದಿರಿನಲ್ಲಿಯೇ ಕಳೆಯುವರು. ಹೋಟೆಲಿನಲ್ಲಿ ದುಡಿಯುವವರ ಇದಿರು ಗಿರಾಕಿಗಳ ಸಾಲು. ಕಚೇರಿಯಲ್ಲಿ ದುಡಿಯುವವರ ಇದಿರು ಕಡತಗಳ ಸಾಲು. ಸಾಲು ಬೆಳೆದಾಗ ಇಬ್ಬರ ಪಾಲಿಗೂ ಬರುವ ಮಾತು ಒಂದೇ: ಕೈ ಚುರುಕಾಗಲಿ! ಕೈ ಚುರುಕಾಗಿಯೇ ಇದ್ದು, ಬಂದಷ್ಟು ಕೆಲಸವನ್ನು ಮುಗಿಸುವ ಶಕ್ತಿ ಪ್ರತಿಯೊಬ್ಬನಲ್ಲಿಯೂ ಇದ್ದು, ಆದರೂ ಸಾಲು ಬೆಳೆಯುತ್ತಲೇ ಹೋಗುವುದುಂಟೇ? ಉಂಟು ಎಂದು ಗಣಿತಜ್ಞರು ತೋರಿಸಿಕೊಟ್ಟು ಮೂವತ್ತು ವರ್ಷಗಳಿಗೂ ಮೇಲಾಯಿತು. ದೋಷ ಕೈಯಲ್ಲಿರದೆ, ಯಾವ ಕೆಲಸ ಮೊದಲು, ಯಾವುದು ಅನಂತರ ಎಂಬ ಕಟ್ಟಳೆಯಲ್ಲಿಯೇ ಇರಬಹುದು. ಅಂತಹ ಕಟ್ಟಳೆಯ ಗುಣಾವಗುಣಗಳನ್ನು ಅಳೆಯುವುದು ಹೇಗೆಂಬುದೇ ಈ ದಿನದ ನಮ್ಮ ವಿಷಯ. ಇದು ದೂರದ ಶಾಸ್ತ್ರವೆಂದು ವಾಚಕರು ಪುಟ ಮಗುಚದಿರಲಿ; ದೋಸೆಯ ಕಾವಲಿಯ ಬಳಿ ನಿಂತೇ ಇದನ್ನು ತಿಳಿಯಬಹುದಾಗಿದೆ.

ಮೊದಲು ಒಂದೇ ಕಟ್ಟೆಯ ಸಂಗತಿಯನ್ನು ನೋಡೋಣ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರು. ಒಬ್ಬರಿಗೆ ಕಾಫಿ, ಅದಕ್ಕೆ 1 ನಿಮಿಷ. ಇನ್ನೊಬ್ಬರಿಗೆ ಮಸಾಲೆ ದೋಸೆ, ಅದಕ್ಕೆ 9 ನಿಮಿಷ. ಮಾಡುವವನು ಒಬ್ಬನೇ. ದೋಸೆಯನ್ನು ಮೊದಲು ಮಾಡಿದರೆ ಒಬ್ಬರು 9 ನಿಮಿಷವೂ ಇನ್ನೊಬ್ಬರು 10 ನಿಮಿಷವೂ ಕಾಯಬೇಕು, ಸರಾಸರಿ ಒಂಬತ್ತೂವರೆ. ಕಾಫಿಯನ್ನು ಮೊದಲು ಕೊಟ್ಟರೆ 1 ಮತ್ತು 10, ಸರಾಸರಿ ಐದೂವರೆ. ಕೆಲಸ ಒಂದಿಷ್ಟೂ ಹೆಚ್ಚಲಿಲ್ಲ, ಕೈ ಒಂದಿಷ್ಟೂ ಚುರುಕಾಗಲಿಲ್ಲ. ಕಾಯುವಿಕೆ ಮಾತ್ರ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಸಣ್ಣ ಕೆಲಸ ಮೊದಲೆಂಬ ಈ ನಿಯಮವು ಒಂದೇ ಕಟ್ಟೆಯಲ್ಲಿ ಸರಾಸರಿಯ ಲೆಕ್ಕಕ್ಕೆ ಅತ್ಯುತ್ತಮವೆಂದು 1956ರಲ್ಲಿ ಡಬ್ಲ್ಯು. ಇ. ಸ್ಮಿತ್ ಎಂಬವರು ಸಾಧಿಸಿದರು. ನಮ್ಮ ಮಾಣಿಗಳು ಇದನ್ನು ಯಾವ ಪುಸ್ತಕವನ್ನೂ ಓದದೆ ನಿತ್ಯವೂ ಆಚರಿಸುತ್ತಿರುವರು. ಆದರೆ ಕಾಫಿಯವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ ದೋಸೆಯವರ ಗತಿಯೇನೆಂಬುದನ್ನು ಸರಾಸರಿಯೆಂಬ ಅಂಕಿ ಹೇಳುವುದಿಲ್ಲ. ಮೂಲೆಯ ಮೇಜಿನ ಹಿರಿಯರು ಗಂಟೆಗಟ್ಟಲೆ ಕುಳಿತಿದ್ದರೂ ಸರಾಸರಿ ಅಂದವಾಗಿಯೇ ಕಾಣಬಹುದು. ಅಳತೆಗೋಲನ್ನು ಆರಿಸುವುದರಲ್ಲಿಯೇ ಅರ್ಧ ತೀರ್ಪು ಅಡಗಿರುವುದು.

ಒಂದೇ ಕಟ್ಟೆಯಲ್ಲಿ ಮುಗಿಯುವ ಕೆಲಸ ಲೋಕದಲ್ಲಿ ಕಡಿಮೆ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ, ಅಲ್ಲಿಂದ ಮತ್ತೆ ಮೊದಲಿನವನ ಕೈಗೆ ಬರುವ ಕೆಲಸವೇ ಹೆಚ್ಚು. ಹೀಗೆ ಒಂದಕ್ಕೊಂದು ಹೆಣೆದುಕೊಂಡ ಸಾಲುಗಳನ್ನು ಸಾಲುಗಳ ಜಾಲವೆಂದು ಕರೆಯೋಣ. ವಿಸ್ಮಯವಿರುವುದು ಈ ಜಾಲದಲ್ಲಿ.

ಇಬ್ಬರ ಹೋಟೆಲು

ಪಾರ್ಸೆಲ್ ಮಾರಾಟವೇ ಮುಖ್ಯವಾದ ಒಂದು ಸಣ್ಣ ಹೋಟೆಲನ್ನು ಕಲ್ಪಿಸಿಕೊಳ್ಳೋಣ. ದುಡಿಯುವವರು ಇಬ್ಬರೇ: ಗಲ್ಲೆಯಲ್ಲಿ ಒಬ್ಬರು, ಕಾವಲಿಯ ಬಳಿ ಭಟ್ಟರು. ನಿಮಿಷಕ್ಕೊಬ್ಬ ಗಿರಾಕಿ ಬರುವನು. ಗಲ್ಲೆಯವರು ಅವನಿಗೆ ಟೋಕನ್ ಕೊಡಲು 5 ಸೆಕೆಂಡು. ಭಟ್ಟರು ದೋಸೆ ಹೊಯ್ದು ತೆಗೆಯಲು 40 ಸೆಕೆಂಡು. ಅದಕ್ಕೆ ಚಟ್ನಿ, ಸಾಂಬಾರುಗಳನ್ನು ಜೋಡಿಸಿ ಮುಂದಕ್ಕೆ ತಳ್ಳಲು ಭಟ್ಟರಿಗೇ ಇನ್ನು 5 ಸೆಕೆಂಡು. ಅನಂತರ ಅದು ಗಲ್ಲೆಯವರ ಬಳಿಗೆ ಮರಳಿ, ಪೊಟ್ಟಣ ಕಟ್ಟಿ ಹಣ ಪಡೆಯಲು ಮತ್ತೆ 40 ಸೆಕೆಂಡು. ಒಬ್ಬ ಗಿರಾಕಿಗಾಗಿ ಗಲ್ಲೆಯವರ ದುಡಿಮೆ 45 ಸೆಕೆಂಡು, ಭಟ್ಟರದೂ 45 ಸೆಕೆಂಡು. ಗಿರಾಕಿ ಬರುವುದು 60 ಸೆಕೆಂಡಿಗೊಮ್ಮೆ. ಇಬ್ಬರಿಗೂ ಪ್ರತಿ ನಿಮಿಷದಲ್ಲಿ ಕಾಲು ಪಾಲು ಬಿಡುವು. ಕಾಗದದ ಮೇಲೆ ಈ ಹೋಟೆಲಿಗೆ ಯಾವ ಭಯವೂ ಇಲ್ಲ.

ಯಜಮಾನರು ಎರಡು ಕಟ್ಟಳೆಗಳನ್ನು ಮಾಡುವರು. ಗಲ್ಲೆಯವರಿಗೆ: ಸಿದ್ಧವಾದ ತಿಂಡಿ ಆರಬಾರದು, ಆದುದರಿಂದ ಪೊಟ್ಟಣ ಕಟ್ಟುವುದು ಮೊದಲು, ಟೋಕನ್ ಅನಂತರ. ಭಟ್ಟರಿಗೆ: ಕಾದ ಕಾವಲಿ ಖಾಲಿ ಬಿಡಬಾರದು, ಗ್ಯಾಸು ದಂಡ, ಆದುದರಿಂದ ಟೋಕನ್ ಇರುವವರೆಗೆ ಹೊಯ್ಯುತ್ತಲೇ ಇರಬೇಕು, ಚಟ್ನಿ ಜೋಡಿಸುವುದು ಕಾವಲಿಗೆ ಬಿಡುವಾದಾಗ. ಎರಡೂ ಕಟ್ಟಳೆಗಳು ವಿವೇಕದವುಗಳಾಗಿಯೇ ಕಾಣುವುವು. ನಾವೇ ಯಜಮಾನರಾಗಿದ್ದರೂ ಇವನ್ನೇ ಮಾಡುತ್ತಿದ್ದೆವೇನೋ.

ಈಗ ಬೆಳಗ್ಗೆ ಬಾಗಿಲು ತೆರೆಯುವಾಗ ಹೇಗೋ 10 ಟೋಕನುಗಳು ಭಟ್ಟರ ಇದಿರು ಬಿದ್ದವೆನ್ನಿ. ಭಟ್ಟರು ಹೊಯ್ಯತೊಡಗುವರು. ಆ 10 ಮುಗಿಯುವಷ್ಟರಲ್ಲಿ ಹೊಸ ಗಿರಾಕಿಗಳು ಬರುವರು. ಗಲ್ಲೆಯವರಿಗೆ ಕಟ್ಟಲು ಪೊಟ್ಟಣವಿಲ್ಲವಾದುದರಿಂದ ಟೋಕನ್ ತಡವಿಲ್ಲದೆ ಸಿಕ್ಕುವುದು. ಟೋಕನುಗಳು ಕಾವಲಿಯ ಬಳಿಗೇ ಹೋಗುವುವು. ಲೆಕ್ಕ ಹಾಕಿದರೆ, ಕಾವಲಿಯ ಸಾಲು ಬರಿದಾಗಲು 20 ನಿಮಿಷಗಳು ಹಿಡಿದು, ಅಷ್ಟರಲ್ಲಿ 30 ದೋಸೆಗಳು ಸಿದ್ಧವಾಗಿ ಚಟ್ನಿಗಾಗಿ ಕಾಯುತ್ತಿರುವುವು. ಈ 20 ನಿಮಿಷಗಳಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ಪೊಟ್ಟಣ ಹಿಡಿದು ಹೊರಗೆ ಹೋಗಲಿಲ್ಲ! ಆಮೇಲೆ ಭಟ್ಟರು ಭರಭರನೆ ಚಟ್ನಿ ಜೋಡಿಸಿ 30 ದೋಸೆಗಳನ್ನೂ ಗಲ್ಲೆಗೆ ತಳ್ಳುವರು. ಗಲ್ಲೆಯವರು ಕಟ್ಟಳೆಯಂತೆ ಪೊಟ್ಟಣ ಕಟ್ಟುತ್ತ ಕೂರುವರು. 30 ಪೊಟ್ಟಣಗಳಿಗೆ 20 ನಿಮಿಷ. ಆ ಹೊತ್ತಿನಲ್ಲಿ ಬಂದ 20 ಗಿರಾಕಿಗಳಿಗೆ ಟೋಕನಿಲ್ಲ; ಟೋಕನಿಲ್ಲದೆ ಭಟ್ಟರಿಗೆ ಕೆಲಸವಿಲ್ಲ; ಕಾವಲಿ ಸುಮ್ಮನೆ ಕಾಯುತ್ತಿರುವುದು. ಪೊಟ್ಟಣ ಮುಗಿದೊಡನೆ 20 ಟೋಕನುಗಳೂ ಒಮ್ಮೆಲೇ ಭಟ್ಟರ ಮೇಲೆ ಬೀಳುವುವು. 40 ನಿಮಿಷಗಳಲ್ಲಿ 10 ಇದ್ದ ಸಾಲು 20 ಆಯಿತು. ಮುಂದಿನ ಸುತ್ತಿಗೆ 80 ನಿಮಿಷ, ಸಾಲು 40. ಅದರ ಮುಂದಿನದಕ್ಕೆ 160 ನಿಮಿಷ, ಸಾಲು 80. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಇಬ್ಬರನ್ನೂ ಸೋಮಾರಿಗಳೆಂದು ಬೈಯುವರು. ಅವರು ಬೈಯುವ ಗಳಿಗೆಯಲ್ಲಿ ಇಬ್ಬರಲ್ಲೊಬ್ಬನು ನಿಜವಾಗಿಯೂ ಕೈಕಟ್ಟಿಕೊಂಡು ನಿಂತಿರುವುದರಿಂದ ಬೈಗಳಿಗೆ ಸಾಕ್ಷಿಯೂ ದೊರೆಯುವುದು.

ಕಾರಣವೇನು? ಈ ಎರಡು ಕಟ್ಟಳೆಗಳು ಸೇರಿ, ಹೊಯ್ಯುವುದೂ ಪೊಟ್ಟಣ ಕಟ್ಟುವುದೂ ಏಕಕಾಲದಲ್ಲಿ ನಡೆಯದಂತೆ ಮಾಡಿಬಿಟ್ಟಿವೆ. ಒಂದು ನಡೆಯುವಾಗ ಇನ್ನೊಂದಕ್ಕೆ ಸರಕಿಲ್ಲ. ಇಬ್ಬರು ಮಾಡುವ ಕೆಲಸವಾದರೂ ಒಬ್ಬನೇ ಮಾಡಿದಂತಾಯಿತು. 40 ಮತ್ತು 40 ಕೂಡಿ 80 ಸೆಕೆಂಡು. ಗಿರಾಕಿ ಬರುವುದೋ 60ಕ್ಕೊಬ್ಬ. ಯಾವ ಕಟ್ಟೆಯ ಲೆಕ್ಕದಲ್ಲಿಯೂ ಕಾಣದ ಕೊರತೆ ಇದು.

ಮದ್ದು ಬಹಳ ಸಣ್ಣದು. ಭಟ್ಟರಿಗೆ ಹೇಳಿದ ಕಟ್ಟಳೆಯನ್ನು ಮಾತ್ರ ತಿರುಗಿಸಿದರೆ ಸಾಕು: ಒಂದು ದೋಸೆ ಎದ್ದೊಡನೆ ಚಟ್ನಿ ಜೋಡಿಸಿ ತಳ್ಳಿ, ಅನಂತರ ಮುಂದಿನದನ್ನು ಹೊಯ್ಯತಕ್ಕದ್ದು. ಆಗ 45 ಸೆಕೆಂಡಿಗೊಂದು ದೋಸೆ ಗಲ್ಲೆಗೆ ಬರುವುದು. ಗಲ್ಲೆಯವರಿಗೆ ಪೊಟ್ಟಣಕ್ಕೆ 40 ಹೋಗಿ ಟೋಕನಿಗೆ 5 ಉಳಿಯುವುದು. ಅದೇ 10 ಟೋಕನುಗಳ ಬಾಕಿ ಅರ್ಧ ಗಂಟೆಯಲ್ಲಿ ತೀರಿ ಹೋಗುವುದು. ಆಳುಗಳು ಅವರೇ, ವೇಗ ಅದೇ, ಕಾವಲಿಯೂ ಅದೇ.

ಹೋಟೆಲಿನ ವೇಷ ನಾವು ತೊಡಿಸಿದ್ದು. ಲೆಕ್ಕದ ಅಸ್ಥಿಪಂಜರ ಪಿ. ಆರ್. ಕುಮಾರ್ ಮತ್ತು ಅವರ ಸಂಗಡಿಗ ಲೂ ಎಂಬವರು 1991ರಲ್ಲಿ ಪ್ರಕಟಿಸಿದ ಪ್ರಸಿದ್ಧ ಉದಾಹರಣೆಯದು. ಅವರ ಕಣ್ಣ ಮುಂದಿದ್ದುದು ದೋಸೆಯಲ್ಲ, ರೇಡಿಯೋ, ಗಣಕಯಂತ್ರಗಳ ಒಳಗಿನ ಸಿಲಿಕಾನ್ ಬಿಲ್ಲೆಗಳನ್ನು ಮಾಡುವ ಕಾರ್ಖಾನೆ. ಅಲ್ಲಿ ಒಂದೇ ಬಿಲ್ಲೆಯು ಒಂದೇ ಯಂತ್ರದ ಬಳಿಗೆ ಹಲವು ಸಲ ಮರಳುವುದು. ಮೊದಲ ಸಲ ಬಂದದ್ದಕ್ಕೆ ಮಣೆಯೋ ಹತ್ತನೆಯ ಸಲ ಬಂದದ್ದಕ್ಕೋ ಎಂಬ ಪ್ರಶ್ನೆ ಗಳಿಗೆ ಗಳಿಗೆಗೂ ಏಳುವುದು. ಕೊನೆಯ ಹಂತಕ್ಕೆ ಹತ್ತಿರವಾದುದನ್ನು ಎಲ್ಲ ಕಟ್ಟೆಗಳಲ್ಲಿಯೂ ಮೊದಲು ಮುಗಿಸುವ ನಿಯಮವು ಇಂತಹ ಮರುಕಳಿಸುವ ಸಾಲುಗಳಲ್ಲಿ ಕೆಡುಕಿಲ್ಲದ್ದೆಂದು ಅವರು ತೋರಿಸಿದರು. ನಮ್ಮ ಭಟ್ಟರಿಗೆ ಹೇಳಿದ ಮದ್ದು ಅದೇ.

ಯಾವ ಭಟ್ಟರೂ ಮೂವತ್ತು ದೋಸೆಗಳನ್ನು ಒಟ್ಟುವವರೆಗೆ ಹಟ ಹಿಡಿಯಲಾರರು, ಎರಡನೆಯ ದೋಸೆಗೇ ಯಜಮಾನರ ಕಟ್ಟಳೆಯನ್ನು ಒಲೆಗೆ ಹಾಕುವರು ಎಂದು ವಾಚಕರು ಆಕ್ಷೇಪಿಸಬಹುದು. ನಿಜ. ಮನುಷ್ಯನ ಬುದ್ಧಿ ಅಡುಗೆಮನೆಯಲ್ಲಿ ಕಟ್ಟಳೆಯನ್ನು ತಿದ್ದಿಕೊಳ್ಳುವುದು. ಕಚೇರಿಯಲ್ಲಿ ಹಾಗಲ್ಲ. ನಾಸಿಕವೂ ಸಂಭಾಜಿನಗರವೂ ಕಂದಾಯ ವಿಭಾಗಗಳ ಕೇಂದ್ರಗಳು. ಕಡತಗಳಿಗೆ ಅಲ್ಲಿ ಬರವಿಲ್ಲ. ಒಂದು ಅರ್ಜಿಯ ದಾರಿಯನ್ನು ನೆನೆಯಿರಿ: ಗುಮಾಸ್ತರು ನೊಂದಾಯಿಸಿ ಮೇಲಕ್ಕೆ ಕಳುಹುವರು, ಮೇಲಿನವರು ಟಿಪ್ಪಣಿ ಬರೆದು ಅಭಿಪ್ರಾಯ ಕೇಳುವರು, ಅದು ಮತ್ತೆ ಗುಮಾಸ್ತರ ಮೇಜಿಗೆ ಬಂದು ಉತ್ತರದ ಕರಡಾಗುವುದು, ಕರಡು ಮೇಲಕ್ಕೆ ಹೋಗಿ ಸಹಿಯಾಗುವುದು, ಸಹಿಯಾದದ್ದು ರವಾನೆಗೆ ಕೆಳಕ್ಕಿಳಿಯುವುದು. ಸಿಲಿಕಾನಿನ ಬಿಲ್ಲೆಗೂ ಇದಕ್ಕೂ ಭೇದವಿಲ್ಲ. ಈ ತಿಂಗಳು ಹೊಸ ಅರ್ಜಿಗಳ ನೊಂದಾವಣೆಯೇ ಮೊದಲು ಎಂದು ಒಂದು ಸುತ್ತೋಲೆ, ಹಳೆಯ ಕರಡುಗಳೇ ಮೊದಲು ಎಂದು ಮುಂದಿನ ತಿಂಗಳು ಇನ್ನೊಂದು. ಸುತ್ತೋಲೆಯನ್ನು ಒಲೆಗೆ ಹಾಕುವ ಸ್ವಾತಂತ್ರ್ಯ ಗುಮಾಸ್ತರಿಗಿಲ್ಲ. ಮೇಲಿನ ಮೇಜಿನವರು ವಾರವೆಲ್ಲ ಬರಿಗೈಯಲ್ಲಿ ಕುಳಿತು, ವಾರದ ಕೊನೆಗೆ ರಾಶಿ ಕಡತಗಳಿಗೆ ಸಹಿ ಹಾಕುವುದನ್ನು ಕಂಡವರು ಇಬ್ಬರ ಹೋಟೆಲಿನ ಕಥೆಯನ್ನು ಉತ್ಪ್ರೇಕ್ಷೆಯೆನ್ನಲಾರರು.

ಬಂದವನಿಗೆ ಬಂದ ಸರದಿಯಲ್ಲಿ ಕೊಟ್ಟುಬಿಟ್ಟರೆ ನ್ಯಾಯವೂ ಆಯಿತು, ತೊಡಕೂ ಇಲ್ಲವೆಂದು ಎಷ್ಟೋ ಮಂದಿ ಎಣಿಸುವರು. ನಾವೂ ಅದನ್ನೇ ಒಪ್ಪುತ್ತಿದ್ದೆವು, 1994ರಲ್ಲಿ ಮೌರಿ ಬ್ರಾಮ್ಸನ್ ಎಂಬ ಗಣಿತಜ್ಞರು ಅದಕ್ಕೂ ಅಡ್ಡಿ ತರದಿದ್ದರೆ. ಪ್ರತಿ ಕಟ್ಟೆಯಲ್ಲಿ ಬಿಡುವಿದ್ದೂ, ಮೊದಲು ಬಂದವನಿಗೆ ಮೊದಲೆಂಬ ನಿಯಮವನ್ನೇ ಚಾಚೂ ತಪ್ಪದೆ ಪಾಲಿಸಿಯೂ ಸಾಲು ಅನಂತವಾಗಿ ಬೆಳೆಯುವ ಜಾಲಗಳುಂಟೆಂದು ಅವರು ಸಿದ್ಧಪಡಿಸಿದರು.

ಅಳೆಯುವುದು ಹೇಗೆ?

ಹಾಗಾದರೆ ಒಂದು ಕಟ್ಟಳೆ ಒಳ್ಳೆಯದೋ ಕೆಟ್ಟದೋ ಎಂದು ಮೊದಲೇ ತಿಳಿಯುವ ಉಪಾಯವೇನು? ಸಾಲುಗಳ ಶಾಸ್ತ್ರಕ್ಕೆ ತಳಹದಿ ಹಾಕಿದವರು ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್, 1909ರಲ್ಲಿ ಅವರ ಮೊದಲ ಲೇಖನ ಹೊರಬಂತು. ಜಾಲಗಳ ಲೆಕ್ಕವನ್ನು 1957ರಲ್ಲಿಯೂ 1963ರಲ್ಲಿಯೂ ಜೇಮ್ಸ್ ಜಾಕ್ಸನ್ ಬಿಡಿಸಿದರು. ಆದರೆ ಜಾಕ್ಸನ್ನರ ಸೂತ್ರ ಒಂದು ಕಟ್ಟೆಯಲ್ಲಿ ಒಂದೇ ಬಗೆಯ ಕೆಲಸವಿದ್ದಾಗ ನಡೆಯುವುದು. ಒಬ್ಬನೇ ಆಳು ಟೋಕನ್ನನ್ನೂ ಕೊಟ್ಟು ಪೊಟ್ಟಣವನ್ನೂ ಕಟ್ಟುತ್ತ, ಒಂದಕ್ಕೆ ಮಣೆ ಹಾಕುತ್ತಿದ್ದರೆ ನಡೆಯದು.

ಎರಡನೆಯ ಉಪಾಯ, ಗಣಕಯಂತ್ರದೊಳಗೆ ಸುಳ್ಳು ಹೋಟೆಲನ್ನು ಕಟ್ಟಿ ಸುಳ್ಳು ಗಿರಾಕಿಗಳನ್ನು ಓಡಿಸಿ ನೋಡುವುದು. ಇದು ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ, ಉಪಯುಕ್ತವೂ ಹೌದು. ಆದರೆ ಪರೀಕ್ಷೆಯನ್ನು ಮೊದಲ 20 ನಿಮಿಷಗಳಿಗೇ ನಿಲ್ಲಿಸಿದವರು ನಮ್ಮ ಭಟ್ಟರ ಕಾವಲಿ ಒಂದು ಗಳಿಗೆಯೂ ಖಾಲಿಯಿರಲಿಲ್ಲವೆಂದು ಹೊಗಳಿ ಬರೆದಾರು. ಅಲ್ಲದೆ, ಓಡಿಸಿ ನೋಡಿದ ನಾಲ್ಕು ಕಟ್ಟಳೆಗಳಲ್ಲಿ ಯಾವುದು ಮೇಲೆಂಬುದು ತಿಳಿದೀತೇ ಹೊರತು, ಯಾರೂ ಇನ್ನೂ ಯೋಚಿಸದ ಐದನೆಯದು ಅವೆಲ್ಲಕ್ಕಿಂತ ಮೇಲಾಗಿದ್ದೀತೇ ಎಂಬುದು ತಿಳಿಯದು.

ಮೂರನೆಯ ಉಪಾಯವೇ ನಮ್ಮ ಮುಖ್ಯ ವಿಷಯ. 1994ರ ಆಗಸ್ಟಿನಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ, ಸಾಲುಗಳ ಜಾಲಕ್ಕೂ ಅದರ ಕಟ್ಟಳೆಗಳಿಗೂ ಎಲ್ಲೆ ಕಟ್ಟುವ ಒಂದು ಪ್ರಬಂಧ ಪ್ರಕಟವಾಯಿತು. ಬರೆದವರು ಇಬ್ಬರು ಕುಮಾರರು. ಒಬ್ಬರು ಮೇಲೆ ಹೇಳಿದ ಪಿ. ಆರ್. ಕುಮಾರ್, ಮದರಾಸಿನ ಐ. ಐ. ಟಿ.ಯಲ್ಲಿ ಓದಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಇನ್ನೊಬ್ಬರು ಅವರ ಶಿಷ್ಯ ಸುನಿಲ್ ಕುಮಾರ್. 1990ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಇಂಜಿನಿಯರಿಂಗ್ ಪದವಿ, 1992ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪದವಿ, 1996ರಲ್ಲಿ ಇಲಿನಾಯಿನ ಡಾಕ್ಟರೇಟ್ ಪಡೆದವರು. ನಮ್ಮ ಹೋಟೆಲು ಬಾಂಧವರಲ್ಲಿ ಎಷ್ಟೋ ಮಂದಿ ಬಸ್ಸು ಹತ್ತಿ ಹೊರಟ ಅದೇ ಕರಾವಳಿಯ ವಿಶ್ವವಿದ್ಯಾನಿಲಯದ ಪದವೀಧರರು ಮುಂದೆ ಸ್ಟ್ಯಾನ್‌ಫರ್ಡ್, ಷಿಕಾಗೋ, ಜಾನ್ಸ್ ಹಾಪ್‌ಕಿನ್ಸ್‌ಗಳಲ್ಲಿ ಕೆಲಸ ಮಾಡಿ, 2023ರಲ್ಲಿ ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಅದೇ 1994ರಲ್ಲಿ ಬರ್ಟ್ಸಿಮಾಸ್, ಪಾಸ್ಕಾಲಿಡಿಸ್, ಟ್ಸಿಟ್ಸಿಕ್ಲಿಸ್ ಎಂಬ ಮೂವರೂ ಬೇರೆಯಾಗಿ ಇದೇ ದಾರಿಯನ್ನು ಕಂಡುಕೊಂಡಿದ್ದರು.

ಅವರ ಉಪಾಯದ ತಿರುಳು ಗುಮಾಸ್ತ ಮಿತ್ರರಿಗೆ ಬೇಗ ಹಿಡಿಯುವುದು. ಅದು ಜಮಾ ಖರ್ಚಿನ ತಾಳೆಯೇ ಆಗಿದೆ. ಒಂದು ಹೋಟೆಲು ದೀರ್ಘಕಾಲ ಒಂದೇ ಹದದಲ್ಲಿ ನಡೆಯುತ್ತಿದ್ದರೆ, ಯಾವ ಸಾಲಿಗೆ ಎಷ್ಟು ಬಂತೋ ಅಷ್ಟೇ ಅದರಿಂದ ಹೊರಟಿರಬೇಕು. ಇದು ಎಲ್ಲರೂ ಬಲ್ಲದ್ದು. ಕುಮಾರರು ಒಂದು ಹೆಜ್ಜೆ ಮುಂದೆ ಹೋಗಿ, ಸಾಲಿನ ಉದ್ದವನ್ನು ಅದರಿಂದಲೇ ಗುಣಿಸಿದ ಅಂಕಿಗೂ, ಒಂದು ಸಾಲಿನ ಉದ್ದವನ್ನು ಇನ್ನೊಂದರ ಉದ್ದದಿಂದ ಗುಣಿಸಿದ ಅಂಕಿಗೂ ಇದೇ ತಾಳೆಯನ್ನು ಹಚ್ಚಿದರು: ದೀರ್ಘಕಾಲದ ಸರಾಸರಿಯಲ್ಲಿ ಇವೂ ಏರಿದಷ್ಟೇ ಇಳಿಯಬೇಕು. ಇದರಿಂದ ಹಲವು ಸಮೀಕರಣಗಳು ದೊರೆಯುವುವು. ಗೊತ್ತಿಲ್ಲದ ಅಂಕಿಗಳಿಗಿಂತ ಸಮೀಕರಣಗಳು ಕಡಿಮೆಯಾದುದರಿಂದ ಉತ್ತರ ಒಂದೇ ಆಗಿ ಬಾರದು. ಆಗ ಅವರು ಕೇಳುವ ಪ್ರಶ್ನೆ ಬೇರೆ: ಈ ತಾಳೆಗಳನ್ನೆಲ್ಲ ಮೀರದೆ ಸರಾಸರಿ ಕಾಯುವಿಕೆ ಎಷ್ಟು ಕಡಿಮೆಯಾಗಬಹುದು, ಎಷ್ಟು ಹೆಚ್ಚಾಗಬಹುದು? ಇದನ್ನು ಬಿಡಿಸುವ ರೇಖೀಯ ಯೋಜನೆಯೆಂಬ ಗಣಿತ 1947ರಲ್ಲಿ ಜಾರ್ಜ್ ಡಾಂಟ್ಸಿಗ್ ರೂಪಿಸಿದ್ದು. ಯಂತ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಉತ್ತರ.

ದೊರೆತ ಎರಡು ಅಂಕಿಗಳ ಉಪಯೋಗವನ್ನು ಒಂದು ಊಹೆಯ ಉದಾಹರಣೆಯಿಂದ ಹೇಳುವೆವು. ಕೆಳಗಿನ ಎಲ್ಲೆ 11 ನಿಮಿಷವೆಂದು ಬಂದರೆ, ಜಗತ್ತಿನ ಯಾವ ಜಾಣ ಯಜಮಾನನೂ ಯಾವ ಕಟ್ಟಳೆಯಿಂದಲೂ ಆ ಹೋಟೆಲಿನ ಸರಾಸರಿಯನ್ನು 11ಕ್ಕಿಂತ ಕೆಳಗಿಳಿಸಲಾರ. ನಮ್ಮ ಕಟ್ಟಳೆಯಲ್ಲಿ 12 ಆಗುತ್ತಿದ್ದರೆ ಹುಡುಕಾಟವನ್ನು ಅಲ್ಲಿಗೇ ಬಿಡಬಹುದು; ಇನ್ನೂ ಬೇಗ ಬೇಕಿದ್ದರೆ ಆಳು ಬೇಕು, ಇಲ್ಲವೇ ಎರಡನೆಯ ಕಾವಲಿ ಬೇಕು. 30 ಆಗುತ್ತಿದ್ದರೆ ಬೈಯುವ ಮೊದಲು ಕಟ್ಟಳೆಯನ್ನು ತಿದ್ದಿ ನೋಡುವುದು ಮೇಲು. ಮೇಲಿನ ಎಲ್ಲೆಯೆಂಬುದು ಒಂದು ಕಟ್ಟಳೆಗೆ ಸಿಕ್ಕಿತೆಂದರೆ ಸಾಲು ಅನಂತವಾಗಿ ಬೆಳೆಯದೆಂಬ ಭರವಸೆಯೂ ಅದರೊಡನೆ ಸಿಕ್ಕಿದಂತೆ. ಎರಡು ಎಲ್ಲೆಗಳ ನಡುವಣ ಅಂತರ ಕೆಲವೊಮ್ಮೆ ಬಹಳ ಅಗಲವಾಗಿರುವುದು. ಈ ವಿಧಾನದ ಕುಂದು ಅದು. ಎಲ್ಲಕ್ಕಿಂತ ಉತ್ತಮವಾದ ಕಟ್ಟಳೆಯನ್ನೇ ನೇರವಾಗಿ ಹುಡುಕೋಣವೆಂದರೆ, ಜಾಲ ದೊಡ್ಡದಾದಂತೆ ಆ ಲೆಕ್ಕ ಯಂತ್ರಗಳ ಶಕ್ತಿಗೂ ಮೀರುವುದೆಂದು ಪಾಪದಿಮಿತ್ರಿಯು ಮತ್ತು ಟ್ಸಿಟ್ಸಿಕ್ಲಿಸ್ 1999ರಲ್ಲಿ ಸಾಧಿಸಿದ್ದಾರೆ. ಎಲ್ಲೆಗಳನ್ನು ನೆಚ್ಚುವುದು ಅದಕ್ಕೇ.

ಸಿಂಹಸ್ಥದ ಸಾಲು

ಇದೆಲ್ಲ ಕಾಫಿಯ ತಡದ ಮಾತಷ್ಟೇ ಆಗಿದ್ದರೆ ನಾವು ಇಷ್ಟು ದೂರ ಬರೆಯುತ್ತಿರಲಿಲ್ಲ. ನಾಸಿಕದವರು 27 ಆಗಸ್ಟ್ 2003ನ್ನು ಮರೆತಿಲ್ಲ. ಸಿಂಹಸ್ಥ ಕುಂಭದ ಆ ಸ್ನಾನದ ದಿನ ರಾಮಕುಂಡದತ್ತ ಇಳಿಯುವ ಇಕ್ಕಟ್ಟಿನ ದಾರಿಯಲ್ಲಿ ನೂಕುನುಗ್ಗಲಾಗಿ 39 ಮಂದಿ ಪ್ರಾಣ ಕಳೆದುಕೊಂಡರು. ಸ್ನಾನಕ್ಕೆ ಬರುವ ಜನರ ದಾರಿಯೂ ಸಾಲುಗಳ ಜಾಲವೇ: ರೈಲು, ಬಸ್ಸಿನ ನಿಲ್ದಾಣ, ನಡೆಯುವ ಬೀದಿ, ಘಾಟು, ಮತ್ತೆ ಬೀದಿ, ಮತ್ತೆ ಅದೇ ನಿಲ್ದಾಣ. ಹೋಗುವವನೂ ಮರಳುವವನೂ ಅದೇ ಬಸ್ಸಿಗೆ ಕಾಯುವರು. ಒಳಗೆ ಬಿಡುವುದೇ ಮೊದಲೆಂದು ನಿಲ್ದಾಣದವರು, ಹೊರಗೆ ಕಳುಹುವುದೇ ಮೊದಲೆಂದು ಘಾಟಿನವರು ತಮ್ಮ ತಮ್ಮ ಮಟ್ಟಿಗೆ ವಿವೇಕದ ಕಟ್ಟಳೆ ಮಾಡಿಕೊಂಡರೆ ಇಬ್ಬರ ಹೋಟೆಲಿನ ಕಥೆ ಬೀದಿಯಲ್ಲಿ ನಡೆಯಬಹುದು. ಅಲ್ಲಿ ಬೆಳೆದ ಸಾಲು ದೋಸೆಯಂತೆ ಆರಿಹೋಗುವುದಿಲ್ಲ, ಒತ್ತುವುದು.

ಮೊದಲು ಯಾರು ಎಂಬ ಪ್ರಶ್ನೆ ಗೋದಾವರಿಯ ದಡಕ್ಕೆ ಹೊಸತೂ ಅಲ್ಲ. 18ನೆಯ ಶತಮಾನದಲ್ಲಿ ಸ್ನಾನದ ಸರದಿಗಾಗಿ ಸಾಧುಗಳಲ್ಲಿ ರಕ್ತಪಾತವೇ ನಡೆದು, ಪೇಶ್ವೆಗಳ ಕಾಲದಲ್ಲಿ ವೈಷ್ಣವರಿಗೆ ನಾಸಿಕದ ರಾಮಕುಂಡ, ಶೈವರಿಗೆ ತ್ರ್ಯಂಬಕದ ಕುಶಾವರ್ತ ಎಂದು ಬೇರ್ಪಡಿಸಲಾಯಿತು. ಸರದಿಯ ಜಗಳಕ್ಕೆ ಎರಡನೆಯ ಕಟ್ಟೆಯನ್ನೇ ತೆರೆದು ತೀರ್ಪು ಕೊಟ್ಟಂತಾಯಿತು. 2015ರ ಸಿಂಹಸ್ಥದಲ್ಲಿ ವಾಹನಗಳನ್ನು ಊರ ಹೊರಗೇ ತಡೆದು ಜನರನ್ನು ಸರಕಾರಿ ಬಸ್ಸುಗಳಲ್ಲಿ ಒಳಗೆ ತಂದರು. ಯಾತ್ರಿಕರು ಬಹುದೂರ ನಡೆಯಬೇಕಾಯಿತೆಂದು ಟೀಕೆ ಕೇಳಿಬಂತು. ಆದರೆ 2003ರ ದುರಂತ ಮರುಕಳಿಸಲಿಲ್ಲ. ಕಾಯುವಿಕೆಯ ಸರಾಸರಿಯನ್ನೊಂದನ್ನೇ ಅಳೆದರೆ ಆ ವ್ಯವಸ್ಥೆಗೆ ಕಡಿಮೆ ಅಂಕ ಬೀಳಬಹುದು. ನಾವು ಹಾಗೆ ಅಳೆಯೆವು.

ಮುಂದಿನ ಸಿಂಹಸ್ಥದ ಮುಖ್ಯ ಸ್ನಾನಗಳು 2027ಕ್ಕೆ ಬೀಳುವುವು. ಘಾಟಿನ ಕಟ್ಟಳೆ ಸರಕಾರದ ಕೈಯಲ್ಲಿದೆ. ಹೋಟೆಲಿನದು ನಮ್ಮ ಕೈಯಲ್ಲಿ. ಅದನ್ನು ಅಳೆಯಲು ಗಣಕಯಂತ್ರವೂ ಬೇಡ. 1961ರಲ್ಲಿ ಜಾನ್ ಲಿಟಲ್ ಎಂಬವರು ಸಾಧಿಸಿದ ಒಂದು ಸರಳ ಸೂತ್ರವಿದೆ: ಒಳಗಿರುವವರ ಸರಾಸರಿ ಸಂಖ್ಯೆಯೆಂದರೆ, ಬರುವವರ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಹೊತ್ತಿನಿಂದ ಗುಣಿಸಿದ್ದು. ಯಾವ ಕಟ್ಟಳೆಯಿದ್ದರೂ ಇದು ತಪ್ಪದು. ಗಂಟೆಗೆ 60 ಮಂದಿ ಬರುತ್ತಿದ್ದು, ಯಾವ ಹೊತ್ತಿಗೆ ಎಣಿಸಿದರೂ ಸುಮಾರು 20 ಮಂದಿ ಕಾಯುತ್ತಿರುವುದು ಕಂಡರೆ, ಒಬ್ಬೊಬ್ಬರಿಗೂ 20 ನಿಮಿಷ ಹಿಡಿಯುತ್ತಿದೆಯೆಂದೇ ಅರ್ಥ. ಗಲ್ಲೆಯಲ್ಲಿ ಕುಳಿತವರು ಅರ್ಧ ಗಂಟೆಗೊಮ್ಮೆ ತಲೆ ಎಣಿಸಿ, ಟೋಕನಿನ ಕೊನೆಯ ನಂಬರನ್ನೂ ಅದರ ಪಕ್ಕದಲ್ಲಿ ಬರೆದಿಡಲಿ. ಕಾವಲಿಯ ಬಳಿ ಎಷ್ಟು, ಪೊಟ್ಟಣದ ಬಳಿ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದರೆ ಇನ್ನೂ ಒಳ್ಳೆಯದು. ಒಂದು ಹೊತ್ತಿನಲ್ಲಿ ಕಾವಲಿಯ ಬಳಿಯೇ ಎಲ್ಲವೂ, ಇನ್ನೊಂದು ಹೊತ್ತಿನಲ್ಲಿ ಗಲ್ಲೆಯ ಬಳಿಯೇ ಎಲ್ಲವೂ ತೂಗುಯ್ಯಾಲೆಯಂತೆ ಕಂಡುಬಂದು, ಪ್ರತಿ ಸಲವೂ ಅಂಕಿ ಹಿರಿದಾಗುತ್ತಿದ್ದರೆ, ಆ ಚೀಟಿಯನ್ನು ಯಜಮಾನರ ಮುಂದಿಡಬಹುದು.